ಎಷ್ಟು ಬೇಕು, ಯಾವುದಕ್ಕೆ ಬೇಕು

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯ ಊರು ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರ, ಅಂದರೆ ಇಂದಿನ ರಾಯಚೂರು ಜಿಲ್ಲೆ. 12ನೇ ಶತಮಾನದಲ್ಲಿ ಅವರು ಕಲ್ಯಾಣಕ್ಕೆ ಹೋಗಿ ನೆಲೆಸಿದರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಆ ಅಕ್ಕಿಯಲ್ಲೇ ಅವರ ಊಟ, ಅವರ ದಾಸೋಹ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಮೆಚ್ಚಲಿಲ್ಲ. ಹೆಚ್ಚಾದದ್ದನ್ನು ತಂದ ಜಾಗದಲ್ಲೇ ಸುರಿದು ಬರುವಂತೆ ಗಂಡನನ್ನು ವಾಪಸು ಕಳಿಸಿದಳು. ಅಕ್ಕಿ ಕದ್ದು ತಂದದ್ದಲ್ಲ, ಬೇಡಿ ತಂದದ್ದೂ ಅಲ್ಲ. ಆದರೂ ಆಕೆಗೆ ಅದು ಬೇಡವಾಯಿತು, ಯಾಕೆಂದರೆ ಅಂದಿನ ಕೆಲಸಕ್ಕೆ ಅಷ್ಟು ಬೇಕಿರಲಿಲ್ಲ.

ಪ್ರವಚನಗಳಲ್ಲಿ ಈ ಪ್ರಸಂಗವನ್ನು ವೈರಾಗ್ಯದ ಮಾತಾಗಿ ಹೇಳುವುದು ರೂಢಿ. ಗಮನವಿಟ್ಟು ನೋಡಿದರೆ ಲಕ್ಕಮ್ಮ ಅಕ್ಕಿಯನ್ನು ಬಿಟ್ಟುಬಿಡಿ ಎಂದು ಎಲ್ಲೂ ಹೇಳಲಿಲ್ಲ. ಆಕೆ ಅಳತೆ ಹಾಕಿದಳು. ಕೆಲಸ ಇಷ್ಟು, ಆದ್ದರಿಂದ ಸಾಮಗ್ರಿ ಇಷ್ಟು. ಬೇಕಾದಷ್ಟನ್ನು ಕಂಡುಕೊಳ್ಳುವುದು ಧರ್ಮದ ಪ್ರಶ್ನೆ ಎಂದು ಒಬ್ಬ ಗೃಹಿಣಿ ಅಷ್ಟು ನೇರವಾಗಿ ತೋರಿಸಿಕೊಟ್ಟ ಉದಾಹರಣೆ ಕನ್ನಡದಲ್ಲಿ ಇನ್ನೊಂದು ಸಿಗುವುದು ಕಷ್ಟ.

ಅದೇ ಜಿಲ್ಲೆಯಲ್ಲಿ ಇವತ್ತು ಅದೇ ಅಳತೆಯನ್ನು ಬೇಡುವ ಒಂದು ವ್ಯವಹಾರ ಕಂಪ್ಯೂಟರ್ ಅಸೆಂಬಲ್ ಮಾಡಿಸುವುದು. ರೆಡಿಮೇಡ್ ಡೆಸ್ಕ್‌ಟಾಪ್ ಕೊಂಡರೆ ಎಷ್ಟು ಬೇಕೆಂಬುದನ್ನು ಕಂಪನಿಯೇ ತೀರ್ಮಾನಿಸಿರುತ್ತದೆ. ಬಿಡಿಭಾಗ ಕೊಂಡು ಜೋಡಿಸುವವರು ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಎಸ್‌ಎಂಪಿಎಸ್ (ಭಾಗಗಳಿಗೆ ಕರೆಂಟು ಪೂರೈಸುವ ಪೆಟ್ಟಿಗೆ), ಕ್ಯಾಬಿನೆಟ್, ಬೇಕಿದ್ದರೆ ಗ್ರಾಫಿಕ್ ಕಾರ್ಡ್ ಹೀಗೆ ಪ್ರತಿಯೊಂದರ ಮುಂದೆಯೂ ನಿಂತು ಉತ್ತರ ಹೇಳಬೇಕು. ರಾಯಚೂರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಊರಿನ ಅಂಗಡಿಯಲ್ಲಿ ಸಿಗದ ಭಾಗಕ್ಕೆ ಕೆಲವರು ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್‌ಗೆ ಹೋಗುತ್ತಾರೆ, ಕೆಲವರು ಬೆಂಗಳೂರಿನ ಎಸ್‌.ಪಿ. ರಸ್ತೆಗೆ, ಉಳಿದವರು ಆನ್‌ಲೈನ್‌ನಲ್ಲಿ ತರಿಸುತ್ತಾರೆ. ಎಲ್ಲಿ ಹೋದರೂ ಕೌಂಟರಿನಲ್ಲಿ ಮೊದಲು ಕೇಳುವುದು ಒಂದೇ: ‘ಬಜೆಟ್ ಎಷ್ಟೈತ್ರಿ ಅಣ್ಣಾ?’ ಒಳ್ಳೆಯ ಮೆಕ್ಯಾನಿಕ್ ಮಾತ್ರ ಇನ್ನೊಂದು ಕೇಳುತ್ತಾನೆ: ‘ಅದರಾಗ ಏನ್ ಕೆಲಸ ಮಾಡ್ತೀರಿ, ಅದನ್ನ ಹೇಳ್ರಿ ಮೊದ್ಲು.’

ಈ ಎರಡನೇ ಪ್ರಶ್ನೆಗೆ ರಾಯಚೂರು ನೆಲದಲ್ಲಿ ಇನ್ನೊಂದು ದೊಡ್ಡ ಪರಂಪರೆಯೂ ಉತ್ತರ ಹುಡುಕಿದೆ. ಹರಿದಾಸ ಸಾಹಿತ್ಯದ ಎರಡನೇ ಘಟ್ಟವನ್ನು ಕಟ್ಟಿದ ಮೂವರು ಪ್ರಮುಖರು ಈ ಜಿಲ್ಲೆಯ ಮಾನ್ವಿ, ದೇವದುರ್ಗ ತಾಲ್ಲೂಕಿನವರೇ. 1682ರಲ್ಲಿ ಹುಟ್ಟಿದ ವಿಜಯದಾಸರ ಊರು ಮಾನ್ವಿ ತಾಲ್ಲೂಕಿನ ಚೀಕಲಪರವಿ, ತುಂಗಭದ್ರೆಯ ದಂಡೆ. ಅವರ ಶಿಷ್ಯ ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ಗೋಪಾಲದಾಸರ ಶಿಷ್ಯ ಜಗನ್ನಾಥದಾಸರು ಮಾನ್ವಿ ತಾಲ್ಲೂಕಿನ ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದರು, 1809ರಲ್ಲಿ ತೀರಿಕೊಂಡರು. ಜಗನ್ನಾಥದಾಸರ ಪ್ರಾಣ ಉಳಿಸಲು ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷ ಕೊಟ್ಟರೆಂಬ ಐತಿಹ್ಯ ಇಂದಿಗೂ ಈ ಭಾಗದ ಮನೆಮನೆಗಳಲ್ಲಿದೆ. ಜಗನ್ನಾಥದಾಸರ ‘ಹರಿಕಥಾಮೃತಸಾರ’ ಮಧ್ವಮತದ ತತ್ತ್ವವನ್ನು ಭಾಮಿನಿ ಷಟ್ಪದಿಯಲ್ಲಿ ಕನ್ನಡಕ್ಕೆ ತಂದ ಗ್ರಂಥ. ಅದರಲ್ಲಿ ಆರೋಹಣ ತಾರತಮ್ಯ, ಅವರೋಹಣ ತಾರತಮ್ಯ ಎಂಬ ಹೆಸರಿನ ಸಂಧಿಗಳೇ ಇವೆ. ಒಬ್ಬರಿಗಿಂತ ಒಬ್ಬರು ಮೇಲು, ಪ್ರತಿಯೊಬ್ಬರಿಗೂ ತಮ್ಮದೇ ಯೋಗ್ಯತೆ ಎಂಬ ವಿಚಾರ ಅಲ್ಲಿ ದೇವತೆಗಳಿಂದ ಹಿಡಿದು ಕೆಳಗಿನವರೆಗೂ ಸಾಗುತ್ತದೆ.

ಕಂಪ್ಯೂಟರ್ ಮಾರುಕಟ್ಟೆ ತಾರತಮ್ಯವನ್ನೇ ಉಸಿರಾಡುತ್ತದೆ. ಐ3ಗಿಂತ ಐ5 ಮೇಲು, ಐ5ಗಿಂತ ಐ7 ಮೇಲು. ರೈಜೆನ್ 5ರ ಮೇಲೆ 7, ಅದರ ಮೇಲೆ 9. ಡಿಡಿಆರ್4ಗಿಂತ ಡಿಡಿಆರ್5 ಮೇಲು. ಈ ಏಣಿಯನ್ನು ನೋಡಿದ ಗಿರಾಕಿಗೆ ತನ್ನ ದುಡ್ಡು ಎಲ್ಲಿಯವರೆಗೆ ಏರಿಸುತ್ತದೋ ಅಲ್ಲಿಯವರೆಗೆ ಏರಬೇಕೆನ್ನಿಸುತ್ತದೆ. ದಾಸರ ತಾರತಮ್ಯಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿಯೇ. ಅಲ್ಲಿ ಮೇಲು ಕೀಳಿನ ಜೊತೆಗೆ ಯೋಗ್ಯತೆ ಎಂಬ ಮಾತು ಬಿಡದೆ ಬರುತ್ತದೆ: ಯಾವುದಕ್ಕೆ ತಕ್ಕದ್ದು? ಮಾರುಕಟ್ಟೆಯ ಪಟ್ಟಿಯಲ್ಲಿ ಆ ಕಾಲಂ ಇರುವುದಿಲ್ಲ.

ದೇವದುರ್ಗದಂಥ ಊರಿನಲ್ಲಿ ಮದುವೆ ವಿಡಿಯೊ ಮಾಡುವ ಸ್ಟುಡಿಯೊ ಒಂದನ್ನು ಎಣಿಸಿಕೊಳ್ಳಬಹುದು. ಕ್ಯಾಮೆರಾದಲ್ಲಿ ತೆಗೆದದ್ದು 4ಕೆ ವಿಡಿಯೊ, ಎಡಿಯಸ್ ಅಥವಾ ಪ್ರೀಮಿಯರ್ ಪ್ರೊ ತಂತ್ರಾಂಶದಲ್ಲಿ ಎಡಿಟಿಂಗ್, ಫೋಟೊಶಾಪ್‌ನಲ್ಲಿ ಆಲ್ಬಂ. ಮದುವೆ ಸೀಸನ್ನಿನಲ್ಲಿ ರಾತ್ರಿಯಿಡೀ ರೆಂಡರಿಂಗ್. ಇಂಥವರಿಗೆ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಸಲಹೆ: ಪ್ರೊಸೆಸರ್ ‘ಎಫ್’ ಮಾದರಿಯದು ತಗೊಳ್ಳಿ, ಸ್ವಲ್ಪ ಅಗ್ಗ, ಉಳಿದ ದುಡ್ಡಿಗೆ ದೊಡ್ಡ ಗ್ರಾಫಿಕ್ ಕಾರ್ಡ್ ಹಾಕಿಸಿ. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ ಎಫ್ ಇದ್ದರೆ ಅದರೊಳಗೆ ಕೆಲಸಕ್ಕೆ ಬರುವ ಗ್ರಾಫಿಕ್ಸ್ ಇರುವುದಿಲ್ಲ. ಕೋರ್ ಐ5 12400ರಲ್ಲಿ ಅದು ಇದೆ, 12400ಎಫ್‌ನಲ್ಲಿ ಇಲ್ಲ. ಗೇಮ್ ಆಡುವವರಿಗೆ ಇದರಿಂದ ನಷ್ಟವೇನೂ ಇಲ್ಲ. ಎಡಿಟಿಂಗ್ ಮಾಡುವವರಿಗೆ ಇದೆ.

ಈಚಿನ ಅನೇಕ ಕ್ಯಾಮೆರಾಗಳು ಎಚ್.265 ಮಾದರಿಯಲ್ಲಿ, 10 ಬಿಟ್ 4:2:2 ಬಣ್ಣದಲ್ಲಿ ರೆಕಾರ್ಡ್ ಮಾಡುತ್ತವೆ. ಈ ಕಡತವನ್ನು ಬಿಚ್ಚಿ ಪರದೆಗೆ ತರುವುದೇ ಭಾರದ ಕೆಲಸ. ಅದನ್ನು ಮಾಡುವ ಪ್ರತ್ಯೇಕ ಸರ್ಕ್ಯೂಟು ಇಂಟೆಲ್‌ನ 12ನೇ ತಲೆಮಾರಿನ ಸಾಧಾರಣ ಪ್ರೊಸೆಸರಿನ ಒಳಗಿನ ಗ್ರಾಫಿಕ್ಸ್‌ನಲ್ಲೇ ಇದೆ. ಕ್ವಿಕ್ ಸಿಂಕ್ ಎನ್ನುತ್ತಾರೆ. ಎನ್ವಿಡಿಯಾದ ದುಬಾರಿ ಕಾರ್ಡುಗಳಿಗೆ ಇದೇ ಸಾಮರ್ಥ್ಯ ಬಂದದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. ಅದಕ್ಕೂ ಹಿಂದಿನ ಕಾರ್ಡು ಹತ್ತು ಪಟ್ಟು ಬೆಲೆಯದಾದರೂ ಈ ಒಂದು ಕೆಲಸದಲ್ಲಿ ಪ್ರೊಸೆಸರಿನ ಮೂಲೆಯಲ್ಲಿ ಕೂತ ಪುಟ್ಟ ಗ್ರಾಫಿಕ್ಸ್‌ಗೆ ಸರಿಸಾಟಿ ಆಗುತ್ತಿರಲಿಲ್ಲ. ಎಫ್ ಮಾದರಿ ಕೊಂಡವರು ಆ ಪುಟ್ಟದ್ದನ್ನೇ ಬಿಟ್ಟುಕೊಟ್ಟು ದೊಡ್ಡದಕ್ಕೆ ದುಡ್ಡು ಕೊಟ್ಟಂತಾಯಿತು. ಟೈಮ್‌ಲೈನ್‌ನಲ್ಲಿ ಕ್ಲಿಪ್ಪು ಇಟ್ಟು ಮೌಸ್ ಎಳೆದರೆ ಚಿತ್ರ ತಡವರಿಸುತ್ತದೆ, ತಾಳಿ ಕಟ್ಟುವ ಶಾಟ್ ಬಿಟ್ಟುಬಿಟ್ಟು ಓಡುತ್ತದೆ. ಮೇಲು ಕೀಳಿನ ಪಟ್ಟಿ ಕೆಲಸ ಬದಲಾದೊಡನೆ ತಲೆಕೆಳಗಾಗುವುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ಬೇಕಿಲ್ಲ.

ಮಾನ್ವಿಯ ಡಿಟಿಪಿ ಅಂಗಡಿಯ ಲೆಕ್ಕವೇ ಬೇರೆ. ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಟೈಪಿಂಗ್, ಲಗ್ನಪತ್ರಿಕೆ, ಬಾಂಡ್ ಪೇಪರಿನ ಮೇಲೆ ಕರಾರು, ಆನ್‌ಲೈನ್ ಅರ್ಜಿ, ಅಕ್ಕಿ ಗಿರಣಿಯವರ ಟ್ಯಾಲಿ ಲೆಕ್ಕ. ಇದಕ್ಕೆ ಗ್ರಾಫಿಕ್ ಕಾರ್ಡ್ ಬೇಕಿಲ್ಲ. ರೈಜೆನ್ 5 5600ಜಿ ಥರದ, 6 ಕೋರಿನ, ಒಳಗೇ ಗ್ರಾಫಿಕ್ಸ್ ಇರುವ 65 ವ್ಯಾಟಿನ ಪ್ರೊಸೆಸರ್ ಕೂಡ ಇಲ್ಲಿ ಹೆಚ್ಚೇ. ಈ ಅಂಗಡಿಗೆ ನಿಜವಾಗಿ ವೇಗ ತರುವುದು ಎಸ್‌ಎಸ್‌ಡಿ. ಹಳೆಯ ಹಾರ್ಡ್ ಡಿಸ್ಕ್ ಸೆಕೆಂಡಿಗೆ 150ರಿಂದ 200 ಎಂಬಿ ಓದಿದರೆ ಸಾಟಾ ಎಸ್‌ಎಸ್‌ಡಿ 550ರವರೆಗೆ ಓದುತ್ತದೆ. ಎನ್‌ವಿಎಂಇ ಎಸ್‌ಎಸ್‌ಡಿಗಳಲ್ಲಿ ಇದು 3,500, 7,000 ಎಂದು ಏರುತ್ತದೆ. ಆದರೆ ವರ್ಡ್ ಕಡತ ತೆರೆಯುವವರ ಕಣ್ಣಿಗೆ 550ಕ್ಕೂ 7,000ಕ್ಕೂ ವ್ಯತ್ಯಾಸ ಕಾಣುವುದೇ ಇಲ್ಲ. ಹಾರ್ಡ್ ಡಿಸ್ಕಿನಿಂದ ಯಾವುದೇ ಎಸ್‌ಎಸ್‌ಡಿಗೆ ಬಂದಾಗ ಆಗುವ ವ್ಯತ್ಯಾಸ ಮಾತ್ರ ಮೊದಲ ದಿನವೇ ಗೊತ್ತಾಗುತ್ತದೆ.

ರಾಯಚೂರಿನಲ್ಲಿ ಎಂಜಿನಿಯರಿಂಗ್ ಓದುತ್ತ ಯಂತ್ರಕಲಿಕೆಯ ಪ್ರಯೋಗ ಮಾಡುವ ಹುಡುಗಿಗೆ ಗ್ರಾಫಿಕ್ ಕಾರ್ಡ್ ಬೇಕೇ ಬೇಕು. ಅಲ್ಲಿಯೂ ಕಾರ್ಡಿನ ಹೆಸರಿಗಿಂತ ಅದರ ಮೇಲಿನ ಮೆಮೊರಿ ಎಷ್ಟು ಜಿಬಿ ಎಂಬುದೇ ಮುಖ್ಯ. ಮಾಡೆಲ್ ಮೆಮೊರಿಯೊಳಗೆ ಹಿಡಿಸದಿದ್ದರೆ ಕಾರ್ಡ್ ಎಷ್ಟು ವೇಗದ್ದಾದರೂ ಉಪಯೋಗಕ್ಕೆ ಬರುವುದಿಲ್ಲ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ಭತ್ತ ಬೆಳೆಯುವ ಮಾನ್ವಿಯ ರೈತರಿಗೆ ಇದರ ಹಿಂದಿನ ನ್ಯಾಯ ಹೇಳಿಕೊಡಬೇಕಿಲ್ಲ. ಗದ್ದೆಗೆ ಜಿಂಕ್ ಕಡಿಮೆ ಬಿದ್ದರೆ ಎಷ್ಟು ಯೂರಿಯಾ ಸುರಿದರೂ ಪೈರು ಮೇಲೇಳುವುದಿಲ್ಲ, ಎಲೆಯ ಮೇಲೆ ಕಂದು ಚುಕ್ಕೆ ಬಿದ್ದು ಕುಳ್ಳಗೇ ಉಳಿಯುತ್ತದೆ. 19ನೇ ಶತಮಾನದ ಜರ್ಮನ್ ರಸಾಯನಶಾಸ್ತ್ರಜ್ಞ ಲೀಬಿಗ್ ಇದನ್ನೇ ನಿಯಮವಾಗಿ ಪ್ರಚುರಪಡಿಸಿದ: ಇಳುವರಿಯನ್ನು ನಿರ್ಧರಿಸುವುದು ಎಲ್ಲಕ್ಕಿಂತ ಕಡಿಮೆ ಇರುವ ಪೋಷಕಾಂಶ. ಕಂಪ್ಯೂಟರಿನಲ್ಲೂ ಹಾಗೆಯೇ: ಎರಡು ಸ್ಲಾಟಿದ್ದೂ ಒಂದೇ ರ‍್ಯಾಮ್ ಕಡ್ಡಿ ಹಾಕಿದರೆ 5600ಜಿಯ ಒಳಗಿನ ಗ್ರಾಫಿಕ್ಸ್ ಅರ್ಧ ಹಸಿವಿನಲ್ಲಿರುತ್ತದೆ. 16 ಜಿಬಿಯ ಒಂದಕ್ಕಿಂತ 8 ಜಿಬಿಯ ಎರಡು ಒಳ್ಳೆಯದು.

ಮಧ್ವರು ತತ್ತ್ವವನ್ನು ಮೊದಲ ಹೆಜ್ಜೆಯಲ್ಲೇ ಎರಡಾಗಿ ಒಡೆಯುತ್ತಾರೆ: ಸ್ವತಂತ್ರ ಮತ್ತು ಅಸ್ವತಂತ್ರ. ಸ್ವತಂತ್ರನಾದವನು ಹರಿ ಒಬ್ಬನೇ, ಉಳಿದದ್ದೆಲ್ಲ ಇನ್ನೊಂದನ್ನು ಅವಲಂಬಿಸಿದ್ದು. ಭಕ್ತರಿಗೆ ಇದು ಮೋಕ್ಷದ ಮಾತು. ಅದನ್ನು ಆ ಎತ್ತರದಲ್ಲೇ ಇಟ್ಟುಕೊಂಡೂ ಇಷ್ಟು ಹೇಳಬಹುದು: ಜಾಹೀರಾತು ಪ್ರೊಸೆಸರನ್ನು ಸ್ವತಂತ್ರ ವಸ್ತುವಿನಂತೆ ತೋರಿಸುತ್ತದೆ, ಆದರೆ ಕ್ಯಾಬಿನೆಟ್ಟಿನೊಳಗೆ ಸ್ವತಂತ್ರವಾದದ್ದು ಒಂದೂ ಇಲ್ಲ. ಪ್ರೊಸೆಸರ್ ಕೂರುವುದು ಅದಕ್ಕೆಂದೇ ಮಾಡಿದ ಸಾಕೆಟ್ಟಿನಲ್ಲಿ. ಎಎಂಡಿಯ ಎಎಂ4 ಸಾಕೆಟ್ಟಿಗೆ 1,331 ಪಿನ್ನು, ಅವು ಪ್ರೊಸೆಸರಿನ ಅಡಿಯಲ್ಲಿರುತ್ತವೆ. 2022ರಲ್ಲಿ ಬಂದ ಎಎಂ5ರಲ್ಲಿ 1,718, ಅವು ಬೋರ್ಡಿನ ಮೇಲಿರುತ್ತವೆ. ಎಎಂ5 ಬೋರ್ಡಿಗೆ ಡಿಡಿಆರ್5 ರ‍್ಯಾಮ್ ಮಾತ್ರ ಸೇರುತ್ತದೆ. ಡಿಡಿಆರ್4, ಡಿಡಿಆರ್5 ಎರಡಕ್ಕೂ ಪಿನ್ನು 288 ಆದರೂ ನಡುವಿನ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಒಂದರ ಸ್ಲಾಟಿಗೆ ಇನ್ನೊಂದು ಇಳಿಯುವುದಿಲ್ಲ.

ಎಎಂ4 ಪ್ರೊಸೆಸರ್ ಕೂರಿಸುವುದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಚಿಪ್ಪಿನ ಒಂದು ಮೂಲೆಯಲ್ಲಿ ಬಂಗಾರ ಬಣ್ಣದ ಸಣ್ಣ ತ್ರಿಕೋನ, ಸಾಕೆಟ್ಟಿನ ಒಂದು ಮೂಲೆಯಲ್ಲೂ ಅಂಥದ್ದೇ ಗುರುತು. ಪಕ್ಕದ ಕಡ್ಡಿಯನ್ನು ಮೇಲೆತ್ತಿ, ಎರಡು ತ್ರಿಕೋನ ಕೂಡಿಸಿ, ಚಿಪ್ಪನ್ನು ಅಂಚು ಹಿಡಿದು ಬಿಡಬೇಕು. ಬೆರಳಿನಿಂದ ಒತ್ತುವಂತಿಲ್ಲ, ತನ್ನ ಭಾರಕ್ಕೆ ತಾನೇ ಇಳಿದು ಸಮನಾಗಬೇಕು. ಇಳಿಯದಿದ್ದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ, ಬಲ ಹಾಕಿದರೆ ಪಿನ್ನು ಬಾಗುತ್ತದೆ. ಕಡ್ಡಿ ಕೆಳಗಿಳಿಸಿದ ಮೇಲೆ ಬಟಾಣಿ ಕಾಳಿನಷ್ಟು ಥರ್ಮಲ್ ಪೇಸ್ಟ್, ಅದರ ಮೇಲೆ ಫ್ಯಾನು. ರ‍್ಯಾಮ್ ಮಾತ್ರ ಒತ್ತಿ ಕೂರಿಸಬೇಕು, ಕ್ಲಿಪ್ಪು ‘ಟಕ್’ ಎನ್ನುವವರೆಗೆ. ಯಾವುದಕ್ಕೆ ಬಲ ಬೇಕು, ಯಾವುದಕ್ಕೆ ಬೇಡ ಎಂಬುದು ಕೈಗೆ ಗೊತ್ತಾಗಲು ಒಂದೆರಡು ಸಿಸ್ಟಂ ಜೋಡಿಸಬೇಕಾಗುತ್ತದೆ.

ರಾಯಚೂರು ಸೀಮೆಯಲ್ಲಿ ಜೋಡಿಸುವ ಯಾವ ಕಂಪ್ಯೂಟರೂ ಬಿಸಿಲಿಗೆ ಒಳಪಟ್ಟೇ ಬದುಕಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಪ್ರೊಸೆಸರಿನ ಬಿಸಿ ಕೋಣೆಯ ಬಿಸಿಯ ಮೇಲೆ ಕೂಡುತ್ತ ಹೋಗುತ್ತದೆ: 25 ಡಿಗ್ರಿಯ ಕೋಣೆಯಲ್ಲಿ 70 ಡಿಗ್ರಿ ಮುಟ್ಟುವ ಚಿಪ್ಪು 42 ಡಿಗ್ರಿಯ ಕೋಣೆಯಲ್ಲಿ ಅದೇ ಕೆಲಸಕ್ಕೆ ಸುಮಾರು 87 ಮುಟ್ಟುತ್ತದೆ. 95ರ ಹತ್ತಿರ ಬಂದಾಗ 5600ಜಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಏಣಿಯಲ್ಲಿ ಮೇಲಿನ ಮೆಟ್ಟಿಲಿನ, ಹೆಚ್ಚು ಬಿಸಿಯಾಗುವ ಪ್ರೊಸೆಸರನ್ನು ಎಸಿ ಇಲ್ಲದ ಕೋಣೆಯಲ್ಲಿ, ಮುಂಭಾಗ ಪೂರ್ತಿ ಗಾಜಿನ ಕ್ಯಾಬಿನೆಟ್ಟಿನಲ್ಲಿ ಇಟ್ಟರೆ ಕೊಟ್ಟ ದುಡ್ಡು ಬೇಸಿಗೆಯಲ್ಲಿ ಕರಗಿಹೋಗುತ್ತದೆ. ಮುಂದೆ ಜಾಲರಿ, ಗಾಳಿ ಒಳಗೆಳೆಯಲು ಎರಡು ಫ್ಯಾನು, ಹೊರಹಾಕಲು ಒಂದು, ತೆಗೆದು ತೊಳೆಯಬಹುದಾದ ಧೂಳಿನ ಫಿಲ್ಟರು ಇಲ್ಲಿಗೆ ಒಪ್ಪುವ ವ್ಯವಸ್ಥೆ. ರಾಯಚೂರಿನ ಜಿನ್ನಿಂಗ್ ಗಿರಣಿಗಳ ಹತ್ತಿ ಎಳೆ, ಮಾನ್ವಿಯ ಅಕ್ಕಿ ಗಿರಣಿಗಳ ತೌಡಿನ ಧೂಳು ಫ್ಯಾನಿನ ಅಲಗಿಗೆ ಮೆತ್ತಿಕೊಳ್ಳುವುದನ್ನು ರಿಪೇರಿಯವರು ದಿನಾ ನೋಡುತ್ತಾರೆ.

ಇನ್ನು ಕರೆಂಟು. ಶಕ್ತಿನಗರದ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ 1985ರಲ್ಲಿ ಶುರುವಾಯಿತು. ಇಂದು ಅದರ ಒಟ್ಟು ಸಾಮರ್ಥ್ಯ 1,720 ಮೆಗಾವ್ಯಾಟ್. ಅದೇ ಜಿಲ್ಲೆಯ ಹಳ್ಳಿಗಳಲ್ಲಿ ಪಂಪ್‌ಸೆಟ್ಟು ಚಾಲೂ ಆದೊಡನೆ ಬಲ್ಬು ಮಂಕಾಗುತ್ತದೆ. ಹೀಗಿರುವಾಗ ಪಟ್ಟಿಯಲ್ಲಿ ಕೊನೆಗೆ ಬರುವ, ಗಿರಾಕಿ ಗಮನಿಸದ ಎಸ್‌ಎಂಪಿಎಸ್ಸೇ ಇಡೀ ಸಿಸ್ಟಂನ ಜೀವ. ಅಗ್ಗದ ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್ ಮೇಲೆ 450 ವ್ಯಾಟ್ ಎಂದು ಬರೆದಿರುತ್ತದೆ. ಅದನ್ನು ಪರೀಕ್ಷಿಸಿದವರು ಯಾರೂ ಇರುವುದಿಲ್ಲ. 80 ಪ್ಲಸ್ ಗುರುತಿದ್ದರೆ ಶೇ 20, 50 ಮತ್ತು 100ರಷ್ಟು ಲೋಡಿನಲ್ಲಿ ಕನಿಷ್ಠ ಶೇ 80ರಷ್ಟು ದಕ್ಷತೆ ಪರೀಕ್ಷೆಯಾಗಿದೆ ಎಂದರ್ಥ. ಗ್ರಾಫಿಕ್ ಕಾರ್ಡಿಲ್ಲದ ಡಿಟಿಪಿ ಸಿಸ್ಟಂ ನಿಜವಾಗಿ ಎಳೆಯುವುದು 100 ವ್ಯಾಟಿನ ಒಳಗೇ. ಅದಕ್ಕೆ ಒಳ್ಳೆಯ ಗುಣಮಟ್ಟದ 450 ವ್ಯಾಟ್ ಧಾರಾಳ, 600 ವಿಎ ಯುಪಿಎಸ್ ಸಾಕು. ಲಕ್ಕಮ್ಮನ ಲೆಕ್ಕ ಎರಡೂ ಕಡೆ ಕೊಯ್ಯುತ್ತದೆ: ಬೇಡದ ಕಡೆ ಹೆಚ್ಚು ಕೊಡಬಾರದು, ಬೇಕಾದ ಕಡೆ ಕಡಿಮೆ ಮಾಡಬಾರದು.

ತಾರತಮ್ಯದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ವಸ್ತುಗಳಲ್ಲಿ ಯೋಗ್ಯತೆ ನೋಡುವುದು ವಿವೇಕ. ಹುಟ್ಟಿನ ಮೇಲೆ ಮನುಷ್ಯರ ಯೋಗ್ಯತೆ ಅಳೆದದ್ದು ಈ ನೆಲದಲ್ಲಿ ಅನ್ಯಾಯಕ್ಕೇ ದಾರಿ ಮಾಡಿದೆ. ಅದನ್ನು ಒಪ್ಪದ ದನಿಯೂ ಇದೇ ಜಿಲ್ಲೆಯ ಬಂಡೆಯ ಮೇಲಿದೆ. 1915ರಲ್ಲಿ ಮಸ್ಕಿಯಲ್ಲಿ ಚಿನ್ನದ ಗಣಿ ಎಂಜಿನಿಯರ್ ಬೀಡನ್ ಗುರುತಿಸಿದ ಶಾಸನದಲ್ಲಿ ಅಶೋಕ ಎಂಬ ಹೆಸರೇ ಕಂಡಿತು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ರಾಜನ ಬಿರುದುಗಳಷ್ಟೇ ಇದ್ದವು. ಧರ್ಮದ ಫಲ ದೊಡ್ಡವರಿಗೆ ಮಾತ್ರ ಸಿಗುವುದಲ್ಲ, ಸಣ್ಣವರೂ ಪ್ರಯತ್ನದಿಂದ ಪಡೆಯಬಹುದು ಎಂಬುದು ಆ ಶಾಸನದ ತಿರುಳು. ಹಳ್ಳಿಯ ಹುಡುಗನಿಗೆ ‘ನಿಂಗ್ಯಾಕ ಬೇಕೋ ಅಷ್ಟು ದೊಡ್ಡ ಕಂಪ್ಯೂಟರ್’ ಎಂದು ಕೇಳುವವರು ಕೆಲಸವನ್ನು ಅಳೆಯುತ್ತಿಲ್ಲ, ಹುಡುಗನನ್ನು ಅಳೆಯುತ್ತಿದ್ದಾರೆ. ಅವನ ಕೆಲಸಕ್ಕೆ ದೊಡ್ಡದೇ ಬೇಕಿದ್ದರೆ ದೊಡ್ಡದೇ ಅವನ ಪಾಲು.

ಮಸ್ಕಿಯ ಅಶೋಕನ ಹಾದಿ ಹಿಡಿದರೆ ಬೌದ್ಧರ ಇನ್ನೊಂದು ಪ್ರಶ್ನೆಯೂ ಎದುರಾಗುತ್ತದೆ. ಪಾಳಿ ಗ್ರಂಥ ‘ಮಿಲಿಂದಪಞ್ಹ’ದಲ್ಲಿ ಭಿಕ್ಷು ನಾಗಸೇನ ಗ್ರೀಕ್ ಮೂಲದ ಅರಸ ಮಿಲಿಂದನನ್ನು ಕೇಳುತ್ತಾನೆ: ರಥವೆಂದರೆ ಯಾವುದು, ಗಾಲಿಯೇ, ಅಚ್ಚೇ, ನೊಗವೇ? ಯಾವುದೂ ಅಲ್ಲ; ಇವೆಲ್ಲ ಕೂಡಿದಾಗ ಬಳಸುವ ಹೆಸರಷ್ಟೇ ರಥ. ಮಧ್ವರ ಅನುಯಾಯಿಗಳಾದ ದ್ವೈತಿಗಳು ಇದನ್ನು ಒಪ್ಪುವುದಿಲ್ಲ. ಅವರು ಎಣಿಸುವ ಹತ್ತು ಪದಾರ್ಥಗಳಲ್ಲಿ ‘ಅಂಶಿ’, ಅಂದರೆ ಭಾಗಗಳುಳ್ಳ ಇಡೀ ವಸ್ತು, ತಾನೇ ಒಂದು ಪದಾರ್ಥ. ಅದು ಬರೀ ಹೆಸರಲ್ಲ.

ಅಸೆಂಬಲ್ ಮಾಡಿದ ಕಂಪ್ಯೂಟರಿನ ಮುಂದೆ ಈ ವಾದಕ್ಕೆ ಜೀವ ಬರುತ್ತದೆ. ಕಂಪನಿಯ ಡೆಸ್ಕ್‌ಟಾಪಿಗೆ ಒಂದೇ ಸೀರಿಯಲ್ ನಂಬರು, ಒಂದೇ ವಾರಂಟಿ. ಜೋಡಿಸಿದ್ದಕ್ಕೆ ಭಾಗಕ್ಕೊಂದು ನಂಬರು, ಭಾಗಕ್ಕೊಂದು ವಾರಂಟಿ. ಇಡೀ ಕಂಪ್ಯೂಟರಿಗೆ ಎಲ್ಲೂ ಹೆಸರಿಲ್ಲ. ಕಾಗದಪತ್ರ ನೋಡಿದರೆ ನಾಗಸೇನನೇ ಗೆದ್ದ. ಆದರೆ ಟೇಬಲ್ಲಿನ ಮೇಲೆ ಹಾಸಿದ ಪೇಪರಿನಲ್ಲಿ ಎಲ್ಲ ಭಾಗಗಳೂ ಇದ್ದು ಕಂಪ್ಯೂಟರ್ ಮಾತ್ರ ಇಲ್ಲದ ಹೊತ್ತೊಂದಿದೆ. ಸ್ಕ್ರೂ ಬಿಗಿದ ಮೇಲೂ ಬಟನ್ ಒತ್ತಿದಾಗ ಫ್ಯಾನು ತಿರುಗಿ ಪರದೆ ಕಪ್ಪಾಗೇ ಉಳಿಯುವುದುಂಟು. ‘ಡಿಸ್‌ಪ್ಲೇ ಬರವಲ್ದು’ ಎಂದು ರ‍್ಯಾಮ್ ತೆಗೆದು, ಕಾಂಟ್ಯಾಕ್ಟ್ ಒರೆಸಿ ಮತ್ತೆ ಹಾಕುತ್ತಾರೆ. ಡಿಸ್‌ಪ್ಲೇ ಬಂದ ಕ್ಷಣದಲ್ಲಿ ಹೊಸದಾಗಿ ಒಂದು ಭಾಗವೂ ಸೇರಿರುವುದಿಲ್ಲ, ಆದರೂ ಮೊದಲಿಲ್ಲದ ಒಂದು ಶಕ್ತಿ ಅಲ್ಲಿರುತ್ತದೆ. ಇಲ್ಲಿ ಅಂಶಿಯ ಪರವಾಗಿ ನಿಲ್ಲುವುದೇ ಹೆಚ್ಚು ಪ್ರಾಮಾಣಿಕ. ಭಾಗಗಳ ನಡುವಿನ ಹೊಂದಾಣಿಕೆ ಭಾಗಗಳಷ್ಟೇ ನಿಜ. ನವರಾತ್ರಿಯ ಆಯುಧಪೂಜೆಯಲ್ಲಿ ಅಂಗಡಿಯವರು ಕುಂಕುಮ ಹಚ್ಚುವುದೂ ಇಡೀ ಕ್ಯಾಬಿನೆಟ್ಟಿಗೇ.

ಭಾಗಗಳು ಬದಲಾದರೆ ವಸ್ತು ಅದೇ ಉಳಿಯುತ್ತದೆಯೇ ಎಂಬ ಹಳೆಯ ಪ್ರಶ್ನೆಗೆ ಮೈಕ್ರೋಸಾಫ್ಟ್ ತನ್ನದೇ ಉತ್ತರ ಕೊಟ್ಟಿದೆ. ಕಂಪ್ಯೂಟರಿನ ಜೊತೆ ಬರುವ ಒಇಎಂ ವಿಂಡೋಸ್ ಲೈಸೆನ್ಸ್ ಮದರ್‌ಬೋರ್ಡಿಗೆ ಕಟ್ಟುಬಿದ್ದಿದೆ. ರ‍್ಯಾಮ್, ಎಸ್‌ಎಸ್‌ಡಿ, ಕಾರ್ಡ್ ಏನು ಬದಲಿಸಿದರೂ ಅದು ಹಳೆಯ ಕಂಪ್ಯೂಟರೇ. ಕೆಟ್ಟಿರದ ಬೋರ್ಡನ್ನು ಬದಲಿಸಿದರೆ ಹೊಸ ಕಂಪ್ಯೂಟರ್, ಹೊಸ ಲೈಸೆನ್ಸ್. ಜೋಡಿಸುವವರಿಗೆ ಇದರಿಂದ ಒಂದು ಸೂಚನೆ ಸಿಗುತ್ತದೆ: ಉಳಿದದ್ದನ್ನು ಆಮೇಲೆ ಏರಿಸಬಹುದು, ಬೋರ್ಡನ್ನು ಮಾತ್ರ ಮುಂದಿನ ಕೆಲವು ವರ್ಷ ನೋಡಿ ಆರಿಸಬೇಕು. 2017ರಲ್ಲಿ ಎಎಂ4 ಬೋರ್ಡ್ ಕೊಂಡ ಅನೇಕರು ಐದು ವರ್ಷದ ನಂತರ ಬಯೋಸ್ ಅಪ್‌ಡೇಟ್ ಮಾಡಿ ಅದರ ಮೇಲೇ ರೈಜೆನ್ 5000 ಸರಣಿಯ ಪ್ರೊಸೆಸರ್ ಕೂರಿಸಿದರು.

ಅಳತೆ ಮೀರಿದ ಆಸೆಗೆ ಈಗ ಬೆಲೆ ತೆರುತ್ತಿರುವವರು ಸಣ್ಣ ಗಿರಾಕಿಗಳು. 2025ರ ಕೊನೆಯ ತಿಂಗಳುಗಳಿಂದ ರ‍್ಯಾಮ್ ಬೆಲೆ ವಿಪರೀತ ಏರಿತು. ಜಗತ್ತಿನ ಮೆಮೊರಿ ಚಿಪ್ಪುಗಳಲ್ಲಿ ಬಹುಪಾಲು ತಯಾರಿಸುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳು; ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಆ ಉತ್ಪಾದನೆಯ ದೊಡ್ಡ ಪಾಲನ್ನು ಎಳೆದುಕೊಳ್ಳತೊಡಗಿದವು. ಸುಮಾರು ಮೂರು ದಶಕ ಮನೆಬಳಕೆಯವರಿಗೆ ಮಾರಿದ ಕ್ರೂಶಿಯಲ್ ಬ್ರ್ಯಾಂಡನ್ನು ನಿಲ್ಲಿಸುವುದಾಗಿ ಮೈಕ್ರಾನ್ ಡಿಸೆಂಬರಿನಲ್ಲಿ ಪ್ರಕಟಿಸಿತು. ಅಂಗಳದ ಅಕ್ಕಿಯನ್ನೆಲ್ಲ ಮೊದಲು ಬಂದವರೇ ಬಳಿದುಕೊಂಡು ಹೋದರೆ ಆಯುವವರಿಗೆ ಏನು ಉಳಿಯುತ್ತದೆ ಎಂಬುದನ್ನು ದೇವದುರ್ಗದ ಅಂಗಡಿಯವನೂ ಈಗ ಲೆಕ್ಕ ಹಾಕಬೇಕಾಗಿದೆ.

ಇನ್ನೊಂದು ಕಡೆ, ಕೆಲಸ ಮಾಡುತ್ತಿರುವ ಯಂತ್ರಗಳೇ ಅಯೋಗ್ಯವೆನಿಸುತ್ತಿವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಮತ್ತು ಇಂಟೆಲ್‌ನಲ್ಲಾದರೆ 8ನೇ ಅಥವಾ ಅದರ ನಂತರದ ತಲೆಮಾರಿನ ಪ್ರೊಸೆಸರ್ ಬೇಕು. ಟೈಪಿಂಗ್ ಮಾಡಲು, ಅರ್ಜಿ ತುಂಬಲು ಇಂದಿಗೂ ಸಮರ್ಥವಾದ ಲೆಕ್ಕವಿಲ್ಲದಷ್ಟು ಕಂಪ್ಯೂಟರುಗಳು ಈ ಗೆರೆಯ ಆಚೆ ಬಿದ್ದವು. ಅವಕ್ಕೆ ಲಿನಕ್ಸ್ ಹಾಕಿದರೆ ಯೂನಿಕೋಡ್ ಕನ್ನಡ ಟೈಪಿಂಗ್, ಬ್ರೌಸಿಂಗ್ ಎಲ್ಲ ನಡೆಯುತ್ತದೆ.

ಜಗತ್ತು 2022ರಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿಸಿತು, ಅದರಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದರ ದಾಖಲೆ ಶೇ 22.3ಕ್ಕೆ ಮಾತ್ರ ಇದೆ ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ರ‍್ಯಾಮ್ ಕಡ್ಡಿಯ ಅಂಚಿನಲ್ಲಿ ಹೊಳೆಯುವುದು ನಿಜವಾದ ಬಂಗಾರದ ಲೇಪ. ರಾಯಚೂರು ಜಿಲ್ಲೆಯದೇ ಆದ ಹಟ್ಟಿ ಗಣಿಯಲ್ಲಿ ಕಾರ್ಮಿಕರು ನೆಲದಾಳಕ್ಕಿಳಿದು ತಂದ ಒಂದು ಟನ್ ಅದಿರನ್ನು ಅರೆದರೆ ಸಿಗುವುದು ಕೆಲವೇ ಗ್ರಾಂ ಚಿನ್ನ. ಒಂದು ಟನ್ ಹಳೆಯ ಸರ್ಕ್ಯೂಟ್ ಬೋರ್ಡುಗಳಲ್ಲಿ ಅದಕ್ಕಿಂತ ಹೆಚ್ಚಿರುತ್ತದೆ. ಅದನ್ನು ದೆಹಲಿಯ ಸೀಲಂಪುರದಂಥ ಕಡೆ ಬಡವರು ಬರಿಗೈಯಲ್ಲಿ ಆ್ಯಸಿಡ್‌ಗೆ ಅದ್ದಿ, ತಂತಿ ಸುಟ್ಟು ತೆಗೆಯುತ್ತಾರೆ. ಬೇಡದೆ ಕೊಂಡ ಗ್ರಾಫಿಕ್ ಕಾರ್ಡಿನ ಕೊನೆಯ ಖರ್ಚು ಅವರ ಶ್ವಾಸಕೋಶದ ಲೆಕ್ಕಕ್ಕೆ ಬರೆಯಲ್ಪಡುತ್ತದೆ. ಬೇಕಾದಷ್ಟನ್ನೇ ಕೊಳ್ಳುವುದು ಧರ್ಮದ ವಿಷಯ ಎನ್ನಲು ಇದಕ್ಕಿಂತ ದೊಡ್ಡ ಕಾರಣ ಬೇಡ.

ಹೊಸ ಸಿಸ್ಟಂ ಮಾಡಿಸುವವರು ಅಂಗಡಿಗೆ ಹೋಗುವ ಮೊದಲು ಒಂದು ಹಾಳೆಯಲ್ಲಿ ದಿನಕ್ಕೆ ಯಾವ ಕೆಲಸ ಎಷ್ಟು ಹೊತ್ತು, ಕೋಣೆಗೆ ಎಸಿ ಇದೆಯೇ, ಕರೆಂಟು ಹೇಗೆ ಎಂದು ಬರೆದುಕೊಂಡು ಹೋಗಲಿ. ಕೊಟೇಷನ್ನಿನಲ್ಲಿ ಪ್ರೊಸೆಸರಿಗಿಂತ ಮೊದಲು ಎಸ್‌ಎಂಪಿಎಸ್ ಸಾಲನ್ನು ಓದಲಿ. ಹಳೆಯ ಸಿಪಿಯುಗೆ ಲಿನಕ್ಸ್ ಹಾಕಿಸಿ ಊರಿನ ಶಾಲೆಗೋ ಗ್ರಂಥಾಲಯಕ್ಕೋ ಕೊಡಲಿ, ಪೂರ್ತಿ ಕೆಟ್ಟಿದ್ದರೆ ಗುಜರಿಗೆ ಹಾಕದೆ ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸಲಿ. ಹಳೆಯ ಮಾನಿಟರ್, ಕೀಬೋರ್ಡ್, ಮೌಸ್, ಸಾಟಾ ಎಸ್‌ಎಸ್‌ಡಿ ಚೆನ್ನಾಗಿದ್ದರೆ ಹೊಸ ಬೋರ್ಡಿಗೂ ಅವು ನಡೆಯುತ್ತವೆ. ಮತ್ತೆ ಕೊಳ್ಳುವ ಅಗತ್ಯವಿಲ್ಲ.